ತಲೆಯ ಮೇಲೇ ಹೊಲಿದ ರುಮಾಲು

ಆ ಹೆಂಗಸು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. ಅವಳೆದುರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಆರಡಿ ಎತ್ತರದ ಆಳೊಬ್ಬ ಕಣ್ಣು ಮುಚ್ಚಿ, ಕ್ಷೌರಕ್ಕೆ ಕೂತವನ ಹಾಗೆ ಕೂತಿದ್ದ. ಅವನ ತಲೆಗೆ ಬಿಳಿ ಟರ್ಕಿ ಟವೆಲ್ ಸುತ್ತಿ, ಮಡಿಕೆ ಕೂರಿಸಿ, ಬಿಚ್ಚಿಕೊಳ್ಳದಿರಲೆಂದು ಸೂಜಿ ದಾರ ಹಿಡಿದು ತಲೆಯ ಮೇಲೇ ಹೊಲಿಯುತ್ತಿದ್ದಳು. ಕೊನೆಗೆ ಹಣೆಯ ನೇರಕ್ಕೆ ಒಂದು ನೀಲಿ ಕಲ್ಲಿನ ಬಿಲ್ಲೆ. ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದಳು, ಬೆನ್ನಿಗೊಂದು ಗುದ್ದು ಕೊಟ್ಟು ಎಬ್ಬಿಸಿದಳು. ಅವನ ಹಿಂದೆ ಇನ್ನೂ ಎಂಟು ಹತ್ತು ಜನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸರದಿ ಕಾಯುತ್ತಿದ್ದರು.

‘ಯಾರೇ ಇವರೆಲ್ಲ?’ ಎಂದು ಮಗಳನ್ನು ಕೇಳಿದೆ.

‘ಗಾಂಧಿಯ ಮಕ್ಕಳಪ್ಪ’ ಎಂದಳು.

ಊರು ಬ್ರೆಜಿಲಿನ ಬಾಹಿಯಾ ರಾಜ್ಯದ ಸಾಲ್ವಡೋರ್. ಕೇರಿ ಪೆಲೊರಿನ್ಯೊ. ಕಾರ್ನಿವಲ್ ಭಾನುವಾರದ ಬೆಳಿಗ್ಗೆ, ಬಿಸಿಲು ಆಗಲೇ ಮಂಗಳೂರಿನ ಮೇ ತಿಂಗಳಂತೆ ಸುಡುತ್ತಿತ್ತು. ನಾನು ಹೋಗಬೇಕೆಂದುಕೊಂಡಿದ್ದು ರಿಯೋಗೆ. ಗರಿ, ಮಿಂಚು, ಸಾಂಬಾ, ಕಿಲೋಮೀಟರ್ ಉದ್ದದ ಮೆರವಣಿಗೆ ಎಲ್ಲವನ್ನೂ ಟೀವಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಸಾವೊ ಪಾಲೊದಲ್ಲಿ ಕೆಲಸದಲ್ಲಿರುವ ಮಗಳು ಮಾತ್ರ, ‘ರಿಯೋದಲ್ಲಿ ದುಡ್ಡು ಕೊಟ್ಟು ಮೆಟ್ಟಿಲ ಮೇಲೆ ಕೂತು ನೋಡಬೇಕು, ಬಾಹಿಯಾದಲ್ಲಿ ಬೀದಿಯಲ್ಲೇ ನಿಂತು ನೋಡಬಹುದು’ ಎಂದು ಹಟ ಹಿಡಿದು ಇಲ್ಲಿಗೆ ಕರೆತಂದಿದ್ದಳು. ಗಾಂಧಿಯ ವಿಷಯ ಅವಳು ಬಾಯಿ ಬಿಟ್ಟಿರಲಿಲ್ಲ. ನನ್ನ ಮುಖ ನೋಡಬೇಕಿತ್ತಂತೆ.

ಮಧ್ಯಾಹ್ನದ ಹೊತ್ತಿಗೆ ಆ ಇಳಿಜಾರಿನ ಕಲ್ಲುಹಾಸಿನ ಬೀದಿ ಅಗಸರ ಕಟ್ಟೆಯಂತಾಗಿತ್ತು. ಎತ್ತ ನೋಡಿದರೂ ಬಿಳಿ. ಬಿಳಿ ನಿಲುವಂಗಿ, ಬಿಳಿ ರುಮಾಲು, ಕೊರಳಲ್ಲಿ ನೀಲಿ ಬಿಳಿ ಮಣಿಗಳ ಸರ. ಸರ ಒಂದೆರಡಲ್ಲ, ಸೊಂಟದವರೆಗೆ ಇಳಿಬಿದ್ದ ಹತ್ತು ಹದಿನೈದು. ಸಾವಿರಾರು ಗಂಡಸರು. ಎಲ್ಲರ ಕೈಯಲ್ಲೂ ಲ್ಯಾವೆಂಡರ್ ನೀರಿನ ಬಾಟಲಿ. ಎದುರು ಬಂದವರಿಗೆಲ್ಲ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ ಚಿಮುಕಿಸುತ್ತಾರೆ. ಊರಿಗೆ ಬಂದು ಎರಡು ಸಲ ಒಗೆಸಿದ ಮೇಲೂ ನನ್ನ ಅಂಗಿಯಿಂದ ಆ ವಾಸನೆ ಹೋಗಿಲ್ಲ.

ಗುಂಪಿನ ಹೆಸರೇ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು. ಬರೆಯುವುದು ‘ಫಿಲ್ಯೋಸ್ ದೆ ಗಾಂಧಿ’. ಆದರೆ ಸಾಲ್ವಡೋರಿನವರ ಬಾಯಲ್ಲಿ ‘ದೆ’ ಎಂಬುದು ‘ಜಿ’ ಆಗುತ್ತದೆ, ‘ದಿ’ ಕೂಡ ‘ಜಿ’ಯೇ. ಹಾಗಾಗಿ ಕಿವಿಗೆ ಬೀಳುವುದು ‘ಫೀಲ್ಯುಸ್ ಜಿ ಗಾಂಜಿ’. ನಾವು ಗೌರವಕ್ಕೆಂದು ಹಿಂದೆ ಸೇರಿಸಿದ ‘ಜಿ’ ಅಲ್ಲಿ ಉಚ್ಚಾರಣೆಯಿಂದಾಗಿ ಮುಂದೆಯೂ ಬಂದಿದೆ, ಒಳಗೂ ಹೊಕ್ಕಿದೆ. ರೋಮನ್ ಅಕ್ಷರದಲ್ಲಿ ಬರೆಯುವಾಗ ಕೊನೆಗೆ ‘ಐ’ ಇಲ್ಲ, ‘ವೈ’. ನಮ್ಮಲ್ಲಾದರೆ ಸಂಖ್ಯಾಶಾಸ್ತ್ರದವರ ಸಲಹೆ ಎಂದುಕೊಳ್ಳಬಹುದಿತ್ತು. ಅಲ್ಲಿ ಹೇಳುವ ಕಾರಣ ಬೇರೆ. 1949ರ ಮಾತು. ಬ್ರೆಜಿಲಿನಲ್ಲಿ ಕಮ್ಯುನಿಸ್ಟ್ ಪಕ್ಷವನ್ನು 1947ರಲ್ಲೇ ನಿಷೇಧಿಸಿಯಾಗಿತ್ತು, ಕಾರ್ಮಿಕ ಸಂಘಗಳ ಮೇಲೆ ಸರ್ಕಾರದ ಕಣ್ಣಿತ್ತು. ಬಂದರಿನ ಹಮಾಲರು ಗಾಂಧಿಯ ಹೆಸರಿಟ್ಟುಕೊಂಡು ಬೀದಿಗಿಳಿದರೆ ಅದನ್ನು ರಾಜಕೀಯವೆಂದು ತಿಳಿದಾರು ಎಂಬ ಅಂಜಿಕೆಯಿಂದ ಒಂದಕ್ಷರ ಬದಲಿಸಿದರಂತೆ. ನನಗೇನೋ ಇದು ಪೂರ್ತಿ ನಂಬಿಕೆಯಾಗುವುದಿಲ್ಲ. ಒಂದು ‘ವೈ’ ನೋಡಿ ಮೋಸಹೋಗುವಷ್ಟು ಮುಗ್ಧ ಪೊಲೀಸರು ಯಾವ ಊರಲ್ಲಿದ್ದಾರೆ?

ಹಮಾಲರು ಎಂದೆನಲ್ಲ, ಅವರದೇ ಕೂಸು ಇದು. ಅವರಿಗೆ ಮೊದಲೇ ಒಂದು ಕಾರ್ನಿವಲ್ ತಂಡ ಇತ್ತು, ಅದರ ಹೆಸರು ‘ಕೊತ್ತಂಬರಿ ತಿನ್ನುತ್ತಾ’. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದರಿನ ಸಂಪಾದನೆ ಇಳಿಯಿತು. 1949ರಲ್ಲಿ ಹಿಂದಿನಂತೆ ಜೋರಾಗಿ ಹೊರಡಲು ಕೈಯಲ್ಲಿ ಕಾಸಿಲ್ಲ. ಕಾರ್ನಿವಲ್‌ಗೆ ಸುಮಾರು ಹತ್ತು ದಿನ ಇರುವಾಗ, ಫೆಬ್ರುವರಿ 18ರಂದು, ಕೆಲಸವಿಲ್ಲದೆ ಮರದ ನೆರಳಲ್ಲಿ ಕೂತಿದ್ದವರ ನಡುವೆ ಹೊಸ ತಂಡದ ಮಾತು ಬಂತು. ಗಾಂಧಿ ಕೊಲೆಯಾಗಿ ವರ್ಷದ ಮೇಲೆ ಕೆಲವು ವಾರಗಳಷ್ಟೇ ಕಳೆದಿದ್ದವು. ‘ವಾವಾ ಮದೇಯ್ರ’ ಎಂದು ಎಲ್ಲರೂ ಕರೆಯುತ್ತಿದ್ದ ದುರ್ವಾಲ್ ಮಾರ್ಕಿಸ್ ದ ಸಿಲ್ವ ಆ ಹೆಸರು ಸೂಚಿಸಿದ. ವೇಷಕ್ಕೆ ಹಾಸಿಗೆಯ ಮೇಲುಹಾಸು, ತಲೆಗೆ ಟವೆಲ್. ಮನೆಯಲ್ಲಿದ್ದದ್ದೇ ವೇಷ, ಖರ್ಚಿಲ್ಲ. ಆ ವರ್ಷ ಸಾಲ್ವಡೋರ್ ನಗರಕ್ಕೆ ಸರಿಯಾಗಿ 400 ವರ್ಷ ತುಂಬುತ್ತಿತ್ತು. ಊರಿನ ದೊಡ್ಡವರು ಆ ಸಂಭ್ರಮದಲ್ಲಿದ್ದಾಗ ಹಮಾಲರು ಮೇಲುಹಾಸು ಹೊದ್ದು ಹೊರಟರು.

ಸರಿ, ಆದರೆ ಗಾಂಧಿಗೆ ರುಮಾಲು ಎಲ್ಲಿಂದ ಬಂತು? ಬೋಳುತಲೆ, ತುಂಡುಪಂಚೆ, ಕೋಲು ಎಂದರೆ ನಮಗೆ ಗಾಂಧಿ. ಅಂಥ ವೇಷದ ಬಡಕಲು ಮನುಷ್ಯನೊಬ್ಬ ಆ ಮೆರವಣಿಗೆಯಲ್ಲೂ ಇರುತ್ತಾನೆ, ಆದರೆ ಸಾವಿರಾರು ರುಮಾಲುಗಳ ನಡುವೆ ಒಬ್ಬನೇ. ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಇನ್ನೂ ಇಳಿದಿಲ್ಲ. ಉತ್ತರದ ಸುಳಿವು ಸಿಕ್ಕಿದ್ದು ಒಂದು ಸಿನಿಮಾದಲ್ಲಿ. 1939ರ ಹಾಲಿವುಡ್ ಚಿತ್ರ ‘ಗುಂಗಾ ದಿನ್’ ಹಮಾಲರಿಗೆ ಗೊತ್ತಿತ್ತು. ಭಾರತೀಯರು ಹೀಗೆ ಉಡುತ್ತಾರೆ ಎಂಬ ಕಲ್ಪನೆ ಬಂದಿದ್ದು ಅಲ್ಲಿಂದ ಎನ್ನುತ್ತಾರೆ. ರಾತ್ರಿ ಹೋಟೆಲಿಗೆ ಬಂದವನೇ ಮಗಳ ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ನೋಡಿದೆ. ಬ್ರಿಟಿಷ್ ಸಿಪಾಯಿಗಳಿಗೆ ನೀರು ಹೊರುವ ಭಾರತೀಯನೊಬ್ಬ ದೊರೆಗಳಿಗಾಗಿ ಪ್ರಾಣ ಬಿಡುವ ಕಥೆ. ಎದುರಾಳಿಗಳು ಥಗ್ಗರು, ರುಮಾಲಿನಿಂದ ಕುತ್ತಿಗೆ ಬಿಗಿದು ಕೊಲ್ಲುವ ಆ ಥಗ್ಗರೇ. ಅವರ ಗುರು ಬೋಳುತಲೆಯ, ತುಂಡುಪಂಚೆಯ ಮನುಷ್ಯ. ಅದು ಗಾಂಧಿಯ ಅಣಕ ಎಂದು ಬರೆದ ವಿದ್ವಾಂಸರಿದ್ದಾರೆ, ನನಗೂ ಹಾಗೇ ಕಂಡಿತು. ನಮ್ಮ ದೇಶದಲ್ಲಿ ಬಂಗಾಳ, ಬಾಂಬೆ ಪ್ರಾಂತಗಳಲ್ಲಿ ಚಿತ್ರವನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಅಂದರೆ ನೋಡಿ. ಗಾಂಧಿಯನ್ನು ಖಳನಾಯಕನನ್ನಾಗಿ ಆಡಿಕೊಂಡ ಸಿನಿಮಾದಿಂದ ಗಾಂಧಿಯ ಮಕ್ಕಳು ತಮ್ಮ ಉಡುಗೆ ಪಡೆದರು. ಆ ಖಳನ ವೇಷವನ್ನಲ್ಲ, ಸುತ್ತಲಿದ್ದವರ ರುಮಾಲನ್ನು. ಕೊಲ್ಲುವ ಕರವಸ್ತ್ರಕ್ಕೂ ತಲೆಗೆ ಸುತ್ತುವ ವಸ್ತ್ರಕ್ಕೂ ನಮ್ಮಲ್ಲಿ ರುಮಾಲೆಂಬ ಒಂದೇ ಹೆಸರು ಎಂದು ಮಗಳಿಗೆ ವಿವರಿಸಲು ಹೋದೆ, ಅವಳು ಅಷ್ಟರಲ್ಲಿ ನಿದ್ದೆ ಹೋಗಿದ್ದಳು. ಗಾಂಧಿಗೂ ರುಮಾಲಿಗೂ ನಂಟೇ ಇರಲಿಲ್ಲ ಎನ್ನುವಂತೆಯೂ ಇಲ್ಲ. 1893ರಲ್ಲಿ ಡರ್ಬನ್ನಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ‘ಪೇಟ ತೆಗೆ’ ಎಂದಾಗ ತೆಗೆಯದೆ ಎದ್ದು ಹೊರನಡೆದ ಯುವ ವಕೀಲ ಇವರೇ ಅಲ್ಲವೇ? 1921ರಲ್ಲಿ ಮಧುರೆಯಲ್ಲಿ ತುಂಡುಪಂಚೆಗೆ ಇಳಿಯುವ ತನಕ ಅವರು ತಲೆಗೆ ಏನಾದರೊಂದು ಇಟ್ಟವರೇ. ಹಮಾಲರಿಗೆ ಇದಾವುದೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು. ಮೆರವಣಿಗೆಯಲ್ಲಿ ಆನೆಯ ಬೊಂಬೆ ಕಂಡಾಗ ತಲೆದೂಗಿದೆ. ಒಂಟೆಯ ಬೊಂಬೆ ಬಂದಾಗ ಕೇಳುವುದನ್ನು ಬಿಟ್ಟುಬಿಟ್ಟೆ.

ಕಾರ್ನಿವಲ್ಲಿನ ಇತಿಹಾಸ ಬೇಕೆನ್ನುವವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪೋರ್ಚುಗೀಸರು ತಂದದ್ದು ‘ಎಂತ್ರೂದು’, ಲೆಂಟ್ ಉಪವಾಸಕ್ಕೆ ಮುಂಚಿನ ಓಕುಳಿ. ಮೇಣದ ನಿಂಬೆಹಣ್ಣಿನೊಳಗೆ ಸುಗಂಧದ ನೀರು ತುಂಬಿ ಎಸೆಯುತ್ತಿದ್ದರು, ಕೈಗೆ ಸಿಕ್ಕರೆ ಕೊಚ್ಚೆಯನ್ನೂ. (ಗೋವೆಯವರು ಕಾರ್ನಿವಲ್ಲಿಗೆ ‘ಇಂತ್ರುಜ್’ ಎನ್ನುವುದು ಇದೇ ಪದ, ಕಾರವಾರದವರಿಗೆ ಹೇಳಬೇಕಿಲ್ಲ.) ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಸಿರಿವಂತರು ಅದನ್ನು ಅನಾಗರಿಕವೆಂದು ನಿಲ್ಲಿಸಹೊರಟು, ಯುರೋಪಿನ ಮಾದರಿಯ ಮುಖವಾಡದ ಕುಣಿತ ತಂದರು. 1888ರಲ್ಲಿ ಗುಲಾಮಗಿರಿ ಹೋಯಿತು. ಕೆಲವೇ ವರ್ಷಗಳಲ್ಲಿ ಸಾಲ್ವಡೋರಿನ ಕರಿಯರು ಆಫ್ರಿಕದ ರಾಜರ ವೇಷ ತೊಟ್ಟು ತಮ್ಮದೇ ತಂಡ ಕಟ್ಟಿ ಬೀದಿಗೆ ಬಂದರು. 1905ರಲ್ಲಿ ಅಧಿಕಾರಿಗಳು ಆಫ್ರಿಕದ ವೇಷ, ಡೋಲು ಎರಡನ್ನೂ ಕಾರ್ನಿವಲ್ಲಿನಲ್ಲಿ ನಿಷೇಧಿಸಿದರು. ರಿಯೋದಲ್ಲಿ ಸಾಂಬಾ ಶಾಲೆಗಳು ಹುಟ್ಟಿದ್ದು 1928ರ ಸುಮಾರಿಗೆ, ಅವುಗಳ ಸ್ಪರ್ಧೆ ಶುರುವಾದದ್ದು 1932ರಲ್ಲಿ, ಅದೂ ಒಂದು ಪತ್ರಿಕೆಯ ಉಮೇದಿನಿಂದ. ಅದಕ್ಕೆಂದೇ ವಾಸ್ತುಶಿಲ್ಪಿ ಆಸ್ಕರ್ ನಿಮೈಯರ್ ವಿನ್ಯಾಸ ಮಾಡಿದ ಕಾಂಕ್ರೀಟ್ ಬೀದಿ 1984ರದು. ಸಾಲ್ವಡೋರ್ ಬೇರೆಯೇ ದಾರಿ ಹಿಡಿಯಿತು. ಗಾಂಧಿಯ ಮಕ್ಕಳು ಹೊರಟ ಮರುವರ್ಷವೇ, 1950ರಲ್ಲಿ, ದೊಡೊ ಮತ್ತು ಒಸ್ಮಾರ್ ಎಂಬಿಬ್ಬರು ಹಳೇ ಫೋರ್ಡ್ ಕಾರಿಗೆ ಧ್ವನಿವರ್ಧಕ ಕಟ್ಟಿ ವಾದ್ಯ ಬಾರಿಸುತ್ತ ಹೊರಟರು. ಆ ಕಾರೇ ಬೆಳೆದು ಇಂದಿನ ರಾಕ್ಷಸಾಕಾರದ ಲಾರಿಗಳಾಗಿವೆ. ಅವು ಪಕ್ಕದಲ್ಲಿ ಹಾದರೆ ಎದೆಗೂಡೇ ಅದುರುತ್ತದೆ. ನನಗೆ ಸೇರಲಿಲ್ಲ.

ಗಾಂಧಿಯ ಮಕ್ಕಳ ತಾಳ ಮಾತ್ರ ನಿಧಾನ. ಅದಕ್ಕೆ ‘ಇಜೆಷಾ’ ಎನ್ನುತ್ತಾರೆ, ಪಶ್ಚಿಮ ಆಫ್ರಿಕದ ಯೊರುಬಾ ಜನರಿಂದ ಬಂದದ್ದು. ಬರಿಗೈಯಲ್ಲಿ ಬಾರಿಸುವ ಉದ್ದನೆಯ ಡೋಲು, ಮಣಿಯ ಬಲೆ ಹೆಣೆದ ಸೋರೆಬುರುಡೆ, ಮೇಲೆ ‘ಅಗೊಗೊ’ ಎಂಬ ಎರಡು ಬಾಯಿಯ ಕಬ್ಬಿಣದ ಗಂಟೆ. ಕುಣಿಯುವುದಲ್ಲ, ಹೆಜ್ಜೆ ತೂಗುವುದು. ನನ್ನ ಮಂಡಿಗೂ ಒಗ್ಗಿತು. ಹಾಡುವುದು ಗಾಂಧಿಯ ಮೇಲೆ ಅಲ್ಲ, ಒರಿಷಾಗಳ ಮೇಲೆ. ಅವು ಗುಲಾಮರ ಜೊತೆ ಬಂದ ದೈವಗಳು; ಆ ಪೂಜೆಗೆ ಅಲ್ಲಿ ಕಂಡೊಂಬ್ಲೆ ಎನ್ನುತ್ತಾರೆ. ಹೊರಡುವ ಮುನ್ನ ಎಷು ಎಂಬ ದೈವಕ್ಕೆ ಬೀದಿಯಲ್ಲೇ ಮರಗೆಣಸಿನ ಹಿಟ್ಟಿನ ಎಡೆ. ಅವನು ದೂತ, ಕವಲುದಾರಿಯ ಒಡೆಯ. ಅವನಿಗೆ ಮೊದಲು ಕೊಡದೆ ಯಾವ ಕೆಲಸವೂ ಸಾಗದು. ನಮ್ಮ ಗಣಪತಿಯ ಅಗ್ರಪೂಜೆಯ ಅಧಿಕಾರ, ತುಳುನಾಡಿನ ದೈವದ ಮುಂಗೋಪ, ಎರಡೂ ಸೇರಿದ ಹಾಗೆ. ಬಿಳಿ ಬಣ್ಣ ಒಷಲಾ ಎಂಬ ಹಿರಿಯ ದೈವದ್ದು. ಶಾಂತಿಗೆ ಬಿಳಿ ಎಂದು ನಾವು ತಿಳಿದುಕೊಂಡರೆ ಅವರು ಬೇಡ ಎನ್ನುವುದಿಲ್ಲ.

ಬಾಹಿಯಾದಲ್ಲಿ ಕಂಡೊಂಬ್ಲೆ ಪೂಜೆಗೆ ಪೊಲೀಸರ ಪರವಾನಗಿ ಬೇಕೆಂಬ ನಿಯಮ ಹೋದದ್ದು 1976ರಲ್ಲಿ. ಆ ತನಕ ಗುಡಿಯೊಳಗೆ ಡೋಲು ಬಾರಿಸಲು ಅನುಮತಿ ಚೀಟಿ ಬೇಕಿತ್ತು. ಅಂಥ ಕಾಲದಲ್ಲಿ ಹಮಾಲರು ತಮ್ಮ ದೈವಗಳನ್ನು ಗಾಂಧಿಯ ಮೇಲುಹಾಸಿನಡಿ ಹಾಡಿಕೊಂಡೇ ನಡುಬೀದಿಗೆ ತಂದರು. ಬೇಕೆಂದೇ ಹಾಗೆ ಮಾಡಿದರೋ, ಆಗಿಹೋಯಿತೋ? ಬೇಕೆಂದೇ ಎನ್ನುವ ಪಕ್ಷ ನನ್ನದು. ಆ ‘ವೈ’ ಕಥೆಗಿಂತ ಇದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಎಪ್ಪತ್ತರ ದಶಕದ ಮೊದಲಲ್ಲಿ ತಂಡ ಮುಚ್ಚುವ ಹಾಗಾಗಿತ್ತು. ಲಂಡನ್ನಿನ ಗಡಿಪಾರು ಮುಗಿಸಿ 1972ರಲ್ಲಿ ಮರಳಿದ ಗಾಯಕ ಜಿಲ್ಬೆರ್ತು ಜಿಲ್ ಬಿಳಿ ಉಟ್ಟು ಅವರ ಜೊತೆ ಸೇರಿದರು, ತಂಡದ ಹೆಸರಿನಲ್ಲೇ ಒಂದು ಹಾಡು ಕಟ್ಟಿದರು. 1975ರಲ್ಲಿ ಜೋರ್ಜ್ ಬೆನ್ ಜೊತೆ ಮಾಡಿದ ಆಲ್ಬಮ್ಮಿನಲ್ಲಿ ಅದು ಹದಿಮೂರು ನಿಮಿಷ ಹರಿಯುತ್ತದೆ. ಮುಂದೆ ಅದೇ ಜಿಲ್ ದೇಶದ ಸಂಸ್ಕೃತಿ ಸಚಿವರಾದರು. ತಂಡ ಮತ್ತೆ ಬೆಳೆಯಿತು.

ಮೆಚ್ಚದ ಸಂಗತಿಯನ್ನೂ ಹೇಳಬೇಕು. ತಂಡದೊಳಗೆ ಹೆಂಗಸರಿಗೆ ಜಾಗವಿಲ್ಲ. ಜಗಳ ಆಗದಿರಲೆಂದು ಹೆಂಗಸರೂ ಬೇಡ, ಹೆಂಡವೂ ಬೇಡ ಎಂದರಂತೆ ಹಿರಿಯರು. ಹೆಂಡದ ನಿಯಮ ಎಂದೋ ಸಡಿಲವಾಗಿದೆ ಎಂದು ಕಣ್ಣಾರೆ ಕಂಡೆ. ‘ಗಾಂಧಿಯ ಹೆಣ್ಣುಮಕ್ಕಳು’ 1979ರಲ್ಲಿ ಬೇರೆಯೇ ತಂಡ ಕಟ್ಟಿಕೊಳ್ಳಬೇಕಾಯಿತು. ಇನ್ನೊಂದು, ಮಣಿಸರ ಕೊಟ್ಟು ಮುತ್ತು ಕೇಳುವ ಪದ್ಧತಿ. ಬೇಡ ಎಂದ ಹೆಣ್ಣನ್ನೂ ಬಿಡದೆ ಕಾಡುವವರು ಇದ್ದಾರೆ. 2018ರ ಕಾನೂನಿನ ನಂತರ ಬಲವಂತದ ಮುತ್ತು ಅಲ್ಲಿ ಅಪರಾಧ. ಬ್ರಹ್ಮಚರ್ಯದ ಪ್ರಯೋಗದಲ್ಲೇ ಜೀವ ಸವೆಸಿದವರ ಮಕ್ಕಳು ಇವರು!

ನಮ್ಮ ಹತ್ತಿರವೂ ಒಬ್ಬ ನರೆತ ಗಡ್ಡದವನು ಸರ ಹಿಡಿದು ಬಂದ. ಮಗಳು ಎರಡೂ ಕೈ ಅಡ್ಡ ಹಿಡಿದು, ‘ಇವರು ನಮ್ಮಪ್ಪ, ಇಂಡಿಯಾದವರು’ ಎಂದಳು. ಅವನು ಸರವನ್ನು ನನ್ನ ಕೊರಳಿಗೇ ಹಾಕಿದ, ಎರಡು ಕೆನ್ನೆಗೂ ಲ್ಯಾವೆಂಡರ್ ಬಳಿದ. ಆಮೇಲೆ ಪೂರಾ ಗಂಭೀರವಾಗಿ ಏನೋ ಕೇಳಿದ. ಮಗಳು ನಗು ತಡೆಯಲಾರದೆ ಕನ್ನಡಕ್ಕೆ ತಂದಳು: ‘ನಿಮ್ಮೂರಿನ ಗಾಂಧಿ ಯಾವ ದಿನ ಹೊರಡುತ್ತಾನೆ ಅಂತ ಕೇಳ್ತಿದಾರೆ.’

‘ಅಕ್ಟೋಬರ್ ಎರಡು’ ಎಂದೆ. ಎಷ್ಟು ಜನ ಸೇರುತ್ತಾರೆ ಎಂದು ಕೇಳಿದ. ರಜಾ ದಿನ, ಸುಮಾರಾಗಿ ಎಲ್ಲರೂ ಮನೆಯಲ್ಲೇ ಇರುತ್ತಾರೆ ಎನ್ನಲು ನಾಲಿಗೆ ಬರಲಿಲ್ಲ. ತುಂಬಾ ಜನ ಎಂದೆ. ಖುಷಿಯಾಗಿ ಇನ್ನೊಂದು ಸರ ಕೊಟ್ಟು ಹೋದ.

ಅಲ್ಲಿಂದ ಹೊರಟು ಮೂಲೆಯಲ್ಲಿ ಅಕರಾಜೆ ತಿಂದೆವು. ಸಿಪ್ಪೆ ತೆಗೆದ ಅಲಸಂದೆ ರುಬ್ಬಿ ಕೆಂಪು ತಾಳೆಎಣ್ಣೆಯಲ್ಲಿ ಕರಿದ ದಪ್ಪ ವಡೆ, ಸೀಗಡಿ ಬೇಡ ಎಂದರೆ ಹಾಗೂ ಕೊಡುತ್ತಾರೆ.

ಹೋಗುವ ಮನಸ್ಸಿದ್ದರೆ ಒಂದು ಮಾತು. ಕಾರ್ನಿವಲ್ ಭಾನುವಾರ ಬೆಳಿಗ್ಗೆಯೇ ಪೆಲೊರಿನ್ಯೊ ಸೇರಿಕೊಳ್ಳಿ. ಮೆರವಣಿಗೆ ಹೊರಡುವುದು ಮಧ್ಯಾಹ್ನವಾದರೂ ರುಮಾಲು ಹೊಲಿಯುವುದನ್ನು ನೋಡಬೇಕೆಂದರೆ ಬೆಳಿಗ್ಗೆಯೇ ಇರಬೇಕು. ಹೊಲಿದದ್ದನ್ನು ಬಿಚ್ಚುವುದು ಹೇಗೆ ಎಂದು ನಾನು ಆ ಹೆಂಗಸನ್ನು ಕೇಳಿದ್ದೆ. ಸೂಜಿ ಕೆಳಗಿಡದೆಯೇ ಹೇಳಿದಳು, ಹಬ್ಬ ಮುಗಿದು ಬುಧವಾರ ಕತ್ತರಿ ಹಾಕಿದರೆ ಮತ್ತೆ ಮೈ ಒರೆಸುವ ಟವೆಲ್ಲೇ.