ಬಾಳೆ ಕಂದಿನೊಳಗೆ ಅಡಗಿದ ಬ್ಯಾಕ್ಟೀರಿಯಾ

ಅಂಗಾಂಶ ಕೃಷಿಗೆಂದು ತಂದ ಬಾಳೆ ಕಂದಿನೊಳಗೆ ಬ್ಯಾಕ್ಟೀರಿಯಾ ಮೊದಲೇ ನೆಲೆಸಿರುತ್ತವೆ. ತೋಟದಲ್ಲಿ ಸಾಮಾನ್ಯವಾಗಿ ಅವುಗಳಿಂದ ಗಿಡಕ್ಕೆ ತೊಂದರೆಯಿಲ್ಲ, ಕೆಲವಂತೂ ಉಪಕಾರಿಗಳು. ಆದರೆ ಪ್ರಯೋಗಾಲಯದ ಬಾಟಲಿಯಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ ಬೆರೆಸಿದ ಪೋಷಕ ಮಾಧ್ಯಮ ಸಿಕ್ಕರೆ ಹದ್ದುಮೀರಿ ಬೆಳೆದು ಕುಡಿಯನ್ನೇ ಕೊಳೆಸುತ್ತವೆ.

ಮೈಸೂರಿನ ಬಳಿಯ ನಂಜನಗೂಡು ಸೀಮೆ ರಸಬಾಳೆಯ ತವರು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಳಿ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ತೋಟಗಳಿಂದ ಮರೆಯಾಗುತ್ತ ಬಂತು. ರೋಗಕಾರಕ ಶಿಲೀಂಧ್ರ ಕಂದು ಮತ್ತು ಮಣ್ಣಿನ ಜೊತೆ ಹರಡುವುದರಿಂದ ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಶುದ್ಧ ಸಸಿಯ ಅಗತ್ಯ ಇಲ್ಲಿ ಬಹಳ ದೊಡ್ಡದು. ಶುದ್ಧ ಸಸಿಯನ್ನೂ ರೋಗದ ಮಣ್ಣಿನಲ್ಲಿ ನೆಟ್ಟರೆ ಸೊರಗುತ್ತದೆ ಎಂಬುದನ್ನು ರೈತರಿಗೆ ತಿಳಿಸಲೇಬೇಕು.

ಅಂಥ ಸಸಿ ಬೆಳೆಸುವಾಗ ಕಂದಿನ ಹೊರಗಿನ ಕೊಳೆಯನ್ನು ತೆಗೆಯುವುದು ಕಷ್ಟವಲ್ಲ. ಕಂದಿನ ಪದರಗಳನ್ನು ಸುಲಿದು, ತೊಳೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುತ್ತಾರೆ. ಮಾಧ್ಯಮವನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಸೋಸಿದ ಗಾಳಿ ಹರಿಯುವ ಲ್ಯಾಮಿನಾರ್ ಪೆಟ್ಟಿಗೆಯಲ್ಲಿ ಕುಡಿ ಕತ್ತರಿಸುತ್ತಾರೆ. ಕತ್ತಿಯನ್ನು ಆಲ್ಕೋಹಾಲಿನಲ್ಲಿ ಅದ್ದಿದರೆ ಸಾಲದು. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು ಅದರಲ್ಲೂ ಬದುಕಿ, ಒಂದು ಕುಡಿಯಿಂದ ಇನ್ನೊಂದಕ್ಕೆ ದಾಟಬಲ್ಲವು. ಆದ್ದರಿಂದ ಉಪಕರಣವನ್ನು ಬಿಸಿಯಿಂದ ಚೆನ್ನಾಗಿ ಶುದ್ಧಿಗೊಳಿಸಬೇಕು.

ಕಂದಿನ ಒಳಗಿನ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದೇ ನಿಜವಾದ ಕೆಲಸ. ಕುಡಿಯ ಬುಡದ ಸುತ್ತ ಅಗರ್ ಮಾಧ್ಯಮ ಹಾಲಿನಂತೆ ಮಬ್ಬಾದರೆ ಸೋಂಕು ಗೊತ್ತಾಗುತ್ತದೆ. ಆದರೆ ಎಷ್ಟೋ ಸಲ ಸೋಂಕಿದ್ದರೂ ಮಾಧ್ಯಮ ತಿಳಿಯಾಗಿಯೇ ಕಾಣುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಾಳೆಯಲ್ಲಿ ಹೀಗೆ ಮರೆಯಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ ಮಹತ್ವದ ಕೆಲಸ ಮಾಡಿದ್ದಾರೆ. ಕುಡಿಯ ಚೂರನ್ನು ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದಲ್ಲಿಟ್ಟು ಪರೀಕ್ಷಿಸುವುದು ಉಪಾಯ. ಇದನ್ನು ಆರಂಭದಲ್ಲೇ ಮಾಡಬೇಕು. ಒಂದು ಕುಡಿ ನೂರಾರು ಸಸಿಯಾದ ಮೇಲೆ ಸೋಂಕು ತಿಳಿದರೆ ಆ ಸಾಲು ಪೂರ್ತಿ ನಷ್ಟ.

ಸೋಂಕು ತಡೆಯಲು ಮಾಧ್ಯಮಕ್ಕೆ ಸೆಫೊಟ್ಯಾಕ್ಸಿಮ್‌ನಂಥ ಪ್ರತಿಜೀವಕ ಬೆರೆಸುವ ರೂಢಿಯಿದೆ. ಬಿಸಿಗೆ ಕೆಡುವುದರಿಂದ ಅದನ್ನು 0.22 ಮೈಕ್ರಾನ್ ರಂಧ್ರದ ಸೋಸುಕದಲ್ಲಿ ಸೋಸಿ, ಆರಿದ ಮಾಧ್ಯಮಕ್ಕೆ ಸೇರಿಸುತ್ತಾರೆ. ಆದರೆ ಬಹಳಷ್ಟು ಸಲ ಔಷಧ ಬೆಳವಣಿಗೆಯನ್ನು ತಡೆಹಿಡಿಯುತ್ತದೆ ಅಷ್ಟೇ. ನಿಲ್ಲಿಸಿದೊಡನೆ ಸೋಂಕು ಮರಳುತ್ತದೆ. ಕೆಲವು ಔಷಧಗಳು ಸಸಿಯನ್ನೇ ಬಿಳಿಚಿಸುತ್ತವೆ. ಅಪರೂಪದ ತಳಿಯ ಕೊನೆಯ ಕುಡಿಯನ್ನು ಉಳಿಸಲು ಮಾತ್ರ ಇದು ತಕ್ಕ ದಾರಿ. ಉಳಿದ ಕಡೆ ಸೋಂಕಿದ ಬಾಟಲಿಯನ್ನು ಮುಚ್ಚಳ ತೆರೆಯದೆಯೇ ಆಟೋಕ್ಲೇವಿನಲ್ಲಿ ಬೇಯಿಸಿ, ಆಮೇಲೆ ತೊಳೆಯಲು ಕಳಿಸಬೇಕು.