ಜ್ವರ ಬಿಟ್ಟರೂ ಬಿಡದ ಕೀಲುನೋವು

ಮುದ್ದೆ ಕೋಲು ಹಿಡಿದಾಗ ಗೊತ್ತಾಗುತ್ತದೆ. ಕುದಿಯುವ ಎಸರಿನಲ್ಲಿ ಬೆಂದ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ತಿರುವಬೇಕಾದರೆ ಎರಡೂ ಮಣಿಕಟ್ಟು ಗಟ್ಟಿಯಿರಬೇಕು. ಚಿಕೂನ್‌ಗುನ್ಯಾ ಬಂದುಹೋದ ಕೈಗೆ ಅದೇ ಆಗದ ಕೆಲಸ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿ ದಡದ ಊರು. ಷಷ್ಠಿ ಜಾತ್ರೆಯ ಜೊತೆಗೆ ತಂಬಾಕು ಹರಾಜಿಗೂ ಹೆಸರಾದದ್ದು. ಹೊಗೆಸೊಪ್ಪು ಹದಗೊಳ್ಳಲು ಬ್ಯಾರನ್ ಸೇರುವ ಮೊದಲು ಎರಡು ಮೂರು ಎಲೆಗಳ ತೊಟ್ಟು ಸೇರಿಸಿ, ದಾರ ಸುತ್ತಿ, ಕಡ್ಡಿಯ ಅಕ್ಕಪಕ್ಕ ಕಟ್ಟುತ್ತಾ ಹೋಗಬೇಕು. ಬೆರಳ ಗೆಣ್ಣು ಮಡಚದಿದ್ದರೆ ಆ ದಿನದ ಕೂಲಿಯೂ ಇಲ್ಲ.

ದನ ಸಾಕುವ ಊರಲ್ಲಿ ಇಂಥ ಕೀಲುನೋವಿಗೆ ಉಣ್ಣೆಹುಳದ ಮೇಲೆ ಅನುಮಾನ ಸಹಜ. ಅಮೆರಿಕದ ಲೈಮ್ ಎಂಬ ಊರಿನ ಹೆಸರು ಹೊತ್ತ ಕಾಯಿಲೆಯೂ ಉಣ್ಣೆಯಿಂದಲೇ ಬಂದು ಮಂಡಿ ಹಿಡಿಯುತ್ತದೆ. ಅದು ಬ್ಯಾಕ್ಟೀರಿಯಾ, ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆಯೂ ಉಣ್ಣೆಯದೇ. ಆದರೆ ಕರ್ನಾಟಕದ ಕೈಕಾಲು ಕಟ್ಟಿಹಾಕಿದ್ದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಅದು ತರುವುದು ಚಿಕೂನ್‌ಗುನ್ಯಾ ವೈರಸ್. ಆ್ಯಂಟಿಬಯಾಟಿಕ್ ಇಲ್ಲಿ ನಡೆಯದು.

1952ರಲ್ಲಿ ಇಂದಿನ ತಾಂಜಾನಿಯಾದಲ್ಲಿ ಕಾಣಿಸಿದ ಈ ಜ್ವರಕ್ಕೆ ಅಲ್ಲಿನ ಮಕೊಂಡೆ ಭಾಷೆಯಲ್ಲಿ 'ಬಾಗಿಸುವುದು' ಎಂಬರ್ಥದ ಹೆಸರು ಬಂತು. ಭಾರತದಲ್ಲಿ 1973ರ ನಂತರ ಮೂರು ದಶಕ ಸುಮ್ಮನಿದ್ದು, 2005ರ ಕೊನೆಯಲ್ಲಿ ಮರಳಿತು. 2006ರಲ್ಲಿ ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವೇ. 'ಚಿಕನ್' ಗುನ್ಯಾ ಎಂದು ಕೇಳಿಸಿಕೊಂಡು ಕೋಳಿ ಬಿಟ್ಟವರೂ ಇದ್ದರು.

ಜ್ವರ ಸಾಮಾನ್ಯವಾಗಿ ವಾರದಲ್ಲಿ ಇಳಿಯುತ್ತದೆ. ಬೆರಳು, ಮಣಿಕಟ್ಟು, ಹರಡಿನ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಲೋಟ ಹಿಡಿಯಲೂ ಬಾರದ ಕೈ, ಬಿಸಿಲೇರುತ್ತಾ ಸಡಿಲವಾಗುತ್ತದೆ. ಹಾಗಾಗಿ ಮಧ್ಯಾಹ್ನ ನೋಡಿದವರಿಗೆ ರೋಗಿ ಕಾಣುವುದೇ ಇಲ್ಲ. 'ಜ್ವರ ಬಿಡ್ತಲ್ಲ, ಇನ್ನೇನು?' ಎಂಬ ಮಾತು ಹುಟ್ಟುವುದು ಅಲ್ಲೇ. ಕೊಲ್ಲದ ಕಾಯಿಲೆಗೆ ಲೆಕ್ಕದ ಪುಸ್ತಕದಲ್ಲೂ, ಮನೆಯಲ್ಲೂ ಜಾಗ ಕಡಿಮೆ.

ಉಪಶಮನಕ್ಕೆ ಮೊದಲು ಬರುವುದು ಮನೆಮದ್ದು: ಲಕ್ಕಿ ಸೊಪ್ಪು ಕುದಿಸಿದ ನೀರು, ಹುಣಸೆ ಸೊಪ್ಪಿನ ಶಾಖ. ಬಿಸಿ ಬಿಗಿತ ಸಡಿಲಿಸುತ್ತದೆ, ವೈರಸ್ಸನ್ನು ಓಡಿಸುವುದಿಲ್ಲ. ನಂತರ 'ಒಂದು ಸೂಜಿ ಹಾಕಿ ಡಾಕ್ಟ್ರೇ' ಎಂಬ ಬೇಡಿಕೆ. ಜ್ವರವಿರುವಾಗ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿಯೇ ಮುಖ್ಯ; ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್, ಡೈಕ್ಲೊಫೆನಾಕ್ ಮುಟ್ಟಬಾರದು, ರಕ್ತಸ್ರಾವದ ಭಯವಿದೆ. ಪದೇ ಪದೇ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ನೋವು ಮೂರು ತಿಂಗಳು ದಾಟಿದರೆ ಸಂಧಿವಾತ ತಜ್ಞರಿಗೆ ತೋರಿಸುವುದು ಒಳಿತು. ಬೇರೆ ಸಂಧಿವಾತವೂ ಇದೇ ವೇಷದಲ್ಲಿ ಬರಬಹುದು.

ಈಡಿಸ್‌ಗೆ ಹರಿಯುವ ಕಾವೇರಿ ಬೇಡ. ಅದಕ್ಕೆ ಬೇಕಾದದ್ದು ಹಿತ್ತಲ ಡ್ರಮ್ಮು, ತೊಟ್ಟಿ, ತೆಂಗಿನ ಚಿಪ್ಪು, ಹಳೇ ಟೈರು. ಪಾತ್ರೆಯ ಗೋಡೆಗಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು.

ತಿಕ್ಕುವುದಕ್ಕೂ ಮಣಿಕಟ್ಟೇ ಬೇಕು. ನೋಯದ ಕೈಯವರು ಬ್ರಷ್ಷು ಎತ್ತಿಕೊಳ್ಳಲಿ, ಮುದ್ದೆ ಕೋಲನ್ನೂ.