ಹೊಲಗಾಲುವೆ ಅಗಲವಾದರೆ ನೀರು ಹೆಚ್ಚು ಹರಿಯುವುದೇ?

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದವಿದೆ. ಅದರ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ ನೀರು ಸಾಲದು ಎಂಬುದು ಬಹಳ ಹಳೆಯ ದೂರು. ಮುಖ್ಯ ಕಾಲುವೆಯಲ್ಲಿ ಆಗುವುದನ್ನು ಒಬ್ಬ ರೈತ ಸರಿಪಡಿಸಲಾರ, ನಿಜ. ಆದರೆ ನಿಮ್ಮ ತೂಬಿನ ಕೆಳಗೂ ಒಂದು ಮೇಲ್ಭಾಗವಿದೆ, ಒಂದು ಕೊನೆಯ ಭಾಗವಿದೆ. ತೂಬಿನಿಂದ ಕಟ್ಟಕಡೆಯ ಹೊಲದವರೆಗೆ ನೀರನ್ನು ಒಯ್ಯುವ ಹೊಲಗಾಲುವೆಯ ಆಕಾರ ಪೂರ್ತಿ ನಿಮ್ಮ ಕೈಯಲ್ಲಿದೆ.

ಪ್ರತಿ ವರ್ಷ ನೀರು ಬಿಡುವ ಮುಂಚೆ ಹೊಲಗಾಲುವೆಗಳನ್ನು ಕೆರೆಯುವುದುಂಟು. ಕೆರೆಯುವಾಗ ಗುದ್ದಲಿ ತಳಕ್ಕಿಂತ ಪಕ್ಕಕ್ಕೆ ಹೆಚ್ಚು ಬೀಳುತ್ತದೆ. ದನಗಳು ದಂಡೆ ತುಳಿಯುತ್ತವೆ, ಹೂಳು ತಳದಲ್ಲಿ ಕೂರುತ್ತದೆ. ಹೀಗೆ ನಾಲ್ಕಾರು ವರ್ಷಗಳಲ್ಲಿ ಕಾಲುವೆ ಅಗಲವಾಗಿ, ಆಳ ಕಳೆದುಕೊಳ್ಳುತ್ತದೆ. ಅಗಲವಾದಷ್ಟೂ ನೀರು ಹೆಚ್ಚು ಹರಿಯುತ್ತದೆ ಎಂದು ಅನೇಕರು ನಂಬಿರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಈ ನಂಬಿಕೆ ಸರಿಯಲ್ಲ.

ನೀರನ್ನು ಹಿಡಿದು ನಿಲ್ಲಿಸುವುದು ಯಾವುದು?

ಹರಿಯುವ ನೀರು ಕಾಲುವೆಯ ತಳಕ್ಕೂ ಎರಡು ಪಕ್ಕಗಳಿಗೂ ಉಜ್ಜಿಕೊಂಡು ಸಾಗುತ್ತದೆ. ಈ ಉಜ್ಜುವಿಕೆಯೇ ಅದರ ವೇಗವನ್ನು ತಗ್ಗಿಸುತ್ತದೆ. ನೀರು ತಗಲುವ ತಳ ಮತ್ತು ಪಕ್ಕಗಳ ಒಟ್ಟು ಅಳತೆಗೆ ತೊಯ್ದ ಸುತ್ತಳತೆ ಎನ್ನುತ್ತೇವೆ. ನೀರಿನ ಅಡ್ಡಕೊಯ್ತದ ವಿಸ್ತೀರ್ಣ ಅಷ್ಟೇ ಇದ್ದು ತೊಯ್ದ ಸುತ್ತಳತೆ ಕಡಿಮೆಯಾದರೆ ನೀರು ಬೇಗ ಹರಿಯುತ್ತದೆ. ಈ ಸಂಬಂಧವನ್ನು ಲೆಕ್ಕ ಹಾಕಲು 1889ರಲ್ಲಿ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ.

ಎರಡು ಕಾಲುವೆಗಳನ್ನು ಹೋಲಿಸಿ ನೋಡೋಣ. ಎರಡಕ್ಕೂ 100 ಮೀಟರಿಗೆ 10 ಸೆಂ.ಮೀ. ಇಳಿಜಾರು. ಎರಡರ ಪಕ್ಕಗಳೂ 1:1, ಅಂದರೆ ಎಷ್ಟು ಎತ್ತರವೋ ಅಷ್ಟೇ ಓರೆ. ಎರಡೂ ಕಳೆಯಿಲ್ಲದ ಮಣ್ಣಿನ ಕಾಲುವೆಗಳು.

ಮೊದಲನೆಯದರ ತಳ 25 ಸೆಂ.ಮೀ., ನೀರಿನ ಆಳ 30 ಸೆಂ.ಮೀ. ಎರಡನೆಯದರ ತಳ 140 ಸೆಂ.ಮೀ., ನೀರಿನ ಆಳ 11 ಸೆಂ.ಮೀ. ಎರಡರಲ್ಲೂ ನೀರಿನ ಅಡ್ಡಕೊಯ್ತ ಸುಮಾರು 1650 ಚದರ ಸೆಂ.ಮೀ. ಆದರೆ ಮೊದಲನೆಯದರ ತೊಯ್ದ ಸುತ್ತಳತೆ 110 ಸೆಂ.ಮೀ., ಎರಡನೆಯದರದು 170 ಸೆಂ.ಮೀ. ಸೂತ್ರದ ಪ್ರಕಾರ ಮೊದಲನೆಯದು ಸೆಕೆಂಡಿಗೆ ಸುಮಾರು 59 ಲೀಟರ್, ಅಂದರೆ 2 ಕ್ಯೂಸೆಕ್ಸ್‌ಗೆ ತುಸು ಹೆಚ್ಚು ನೀರು ಒಯ್ಯುತ್ತದೆ. ಎರಡನೆಯದು ಒಯ್ಯುವುದು ಸುಮಾರು 44 ಲೀಟರ್ ಮಾತ್ರ. ನಾಲ್ಕರಲ್ಲಿ ಒಂದು ಪಾಲು ಹೋಯಿತು!

ತೂಬಿನಿಂದ 2 ಕ್ಯೂಸೆಕ್ಸ್ ಬಿಟ್ಟರೂ ಅಗಲವಾದ ಕಾಲುವೆ ಅಷ್ಟನ್ನು ಒಯ್ಯಲಾರದು. ಮಿಕ್ಕ ನೀರು ದಂಡೆ ಮೀರಿ ಹರಿದು ಪೋಲಾಗುತ್ತದೆ. ನಾಲ್ಕು ಗಂಟೆಯ ಒಂದು ಪಾಳಿಯಲ್ಲಿ ಈ ವ್ಯತ್ಯಾಸ 200 ಘನ ಮೀಟರಿಗೂ ಹೆಚ್ಚು. ಒಂದು ಎಕರೆಗೆ 5 ಸೆಂ.ಮೀ. ನೀರು ಕಟ್ಟಲು ಬೇಕಾಗುವುದು ಅಷ್ಟೇ. ಕೊನೆಯ ಹೊಲದವನ ಪಾಲು ಎಲ್ಲಿ ಹೋಯಿತೆಂದು ಇನ್ನು ಹುಡುಕಬೇಕಾಗಿಲ್ಲ.

ನಷ್ಟ ಇಷ್ಟಕ್ಕೇ ಮುಗಿಯದು. ಅಗಲ ಕಾಲುವೆಯಲ್ಲಿ ನೀರು ಇಂಗುವ ಮತ್ತು ಆವಿಯಾಗುವ ಮೈ ದೊಡ್ಡದು. ಮೇಲಗಲ 85 ಸೆಂ.ಮೀ. ಇದ್ದದ್ದು 162 ಸೆಂ.ಮೀ. ಆದರೆ 400 ಮೀಟರ್ ಉದ್ದಕ್ಕೆ ಸುಮಾರು 3 ಗುಂಟೆ ಭೂಮಿಯೂ ಕಾಲುವೆಯ ಪಾಲಾಗುತ್ತದೆ.

ನಿಮ್ಮ ಮಣ್ಣಿಗೆ ಯಾವ ಅಳತೆ?

ಲೆಕ್ಕದ ಪ್ರಕಾರ ಎಲ್ಲಕ್ಕಿಂತ ಉತ್ತಮವಾದ ಓರೆಪಕ್ಕದ ಆಕಾರವೆಂದರೆ ಷಟ್ಕೋನದ ಅರ್ಧ. ಅದರ ಪಕ್ಕಗಳು 60 ಡಿಗ್ರಿ ಕಡಿದಾಗಿರುತ್ತವೆ. ಸಿಮೆಂಟ್ ಅಥವಾ ಕಲ್ಲಿನ ಹೊದಿಕೆಯ ಕಾಲುವೆಗೆ ಇದು ಸರಿ. ಆಯತಾಕಾರದ ಕಟ್ಟಡದ ಕಾಲುವೆಯಾದರೆ ಅಗಲವು ನೀರಿನ ಆಳದ ಎರಡರಷ್ಟಿರಲಿ. ಆದರೆ ಬರಿಯ ಮಣ್ಣಿನಲ್ಲಿ ಇಷ್ಟು ಕಡಿದಾದ ಪಕ್ಕ ನಿಲ್ಲದು. ಗಟ್ಟಿ ಜೇಡಿಗೆ 1:1 ಓರೆ ಸಾಕು. ಒಣಗಿದಾಗ ಬಿರಿಯುವ ಎರೆಮಣ್ಣಿನಲ್ಲಿ ಎತ್ತರದ ಒಂದೂವರೆ ಪಟ್ಟು ಓರೆ ಬೇಕು. ಮರಳು ಮಣ್ಣಿಗೆ ಎರಡು ಪಟ್ಟಾದರೂ ಇರಲಿ.

ಎರೆಭೂಮಿಯಲ್ಲಿ 2 ಕ್ಯೂಸೆಕ್ಸ್ ನೀರಿಗೆ ಲೆಕ್ಕವು 17 ಸೆಂ.ಮೀ. ತಳ, 28 ಸೆಂ.ಮೀ. ಆಳ ಕೇಳುತ್ತದೆ. ಅಷ್ಟು ಕಿರಿದಾದ ತಳದಲ್ಲಿ ಗುದ್ದಲಿ ಆಡುವುದಿಲ್ಲ. ತಳವನ್ನು 30 ಸೆಂ.ಮೀ., ಆಳವನ್ನು 25 ಸೆಂ.ಮೀ. ಮಾಡಿದರೂ ವೇಗದಲ್ಲಿ ನೂರಕ್ಕೆ ಒಂದರಷ್ಟೂ ನಷ್ಟವಿಲ್ಲ. ಆದುದರಿಂದ ಉತ್ತಮ ಅಳತೆಯಿಂದ ಸ್ವಲ್ಪ ಆಚೀಚೆ ಆದರೆ ಚಿಂತೆ ಬೇಡ. ಬಹಳ ದೂರ ಹೋಗಬಾರದು, ಅಷ್ಟೆ.

ಕಾಲುವೆ ತೋಡುವ ಕ್ರಮ

ಆಳ ಬೇಕೆಂದು ಇಡೀ ಕಾಲುವೆಯನ್ನು ನೆಲದೊಳಗೆ ಇಳಿಸಬೇಡಿ. ನೀರಿನ ಮಟ್ಟ ಹೊಲಕ್ಕಿಂತ 10ರಿಂದ 15 ಸೆಂ.ಮೀ. ಮೇಲಿದ್ದರೆ ಮಾತ್ರ ಮಡಿಗಳಿಗೆ ನೀರು ಹತ್ತುತ್ತದೆ. ಅರ್ಧ ಆಳವನ್ನು ತೋಡಿ, ಆ ಮಣ್ಣಿನಿಂದಲೇ ಎರಡೂ ಬದಿಗೆ ದಂಡೆ ಹಾಕಿ. ಮಣ್ಣು ಹದವಾಗಿ ತೇವವಿರುವಾಗ ಗೇಣುದ್ದಕ್ಕಿಂತ ತೆಳುವಾದ ಪದರಗಳಲ್ಲಿ ಹಾಕಿ ದಮ್ಮಸು ಮಾಡಿ. ನೀರಿನ ಮಟ್ಟದಿಂದ ಮೇಲೆ 15 ಸೆಂ.ಮೀ. ದಂಡೆ ಉಳಿಯಲಿ.

ತಳ ಮತ್ತು ಓರೆಯ ಅಳತೆಗೆ ಸರಿಯಾಗಿ ಮೂರು ರೀಪು ಪಟ್ಟಿಗಳನ್ನು ಜೋಡಿಸಿ ಒಂದು ಅಚ್ಚು ಮಾಡಿಕೊಳ್ಳಿ. ಐದೈದು ಮೀಟರಿಗೆ ಅದನ್ನು ಕಾಲುವೆಯಲ್ಲಿಟ್ಟು ನೋಡಿದರೆ ಎಲ್ಲಿ ಹೆಚ್ಚು ಕೆರೆದಿದೆ, ಎಲ್ಲಿ ಹೂಳು ಉಳಿದಿದೆ ಎಂಬುದು ತಿಳಿಯುತ್ತದೆ. ಇಳಿಜಾರನ್ನು ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಿಂದ ನೋಡಿಕೊಳ್ಳಬಹುದು.

ಆಕಾರ ಎಷ್ಟೇ ಸರಿಯಿದ್ದರೂ ಕಳೆ ಬೆಳೆಯಲು ಬಿಟ್ಟರೆ ಶ್ರಮವೆಲ್ಲ ವ್ಯರ್ಥ. ದಟ್ಟವಾಗಿ ಹುಲ್ಲು ಬೆಳೆದ ಕಾಲುವೆ ತನ್ನ ಸಾಮರ್ಥ್ಯದ ಅರ್ಧದಷ್ಟನ್ನೂ ಒಯ್ಯದೇ ಹೋಗಬಹುದು.

ಪರೀಕ್ಷೆ ಸುಲಭ. ನೇರವಾಗಿರುವ 10 ಮೀಟರ್ ಅಳೆದು ಒಂದು ನಿಂಬೆಹಣ್ಣು ತೇಲಿಬಿಡಿ. ಮೇಲೆ ಹೇಳಿದ ಮೊದಲನೆಯ ಕಾಲುವೆಯಲ್ಲಿ ಅದು ಸುಮಾರು 22 ಸೆಕೆಂಡಿನಲ್ಲಿ ದಾಟಬೇಕು. 30 ಸೆಕೆಂಡ್ ಹಿಡಿದರೆ ಕಳೆಯನ್ನೋ ಹೂಳನ್ನೋ ಹುಡುಕಿ. 13 ಸೆಕೆಂಡಿಗಿಂತ ಮೊದಲೇ ದಾಟಿದರೆ ಇಳಿಜಾರು ಹೆಚ್ಚಾಗಿದೆ. ತಳ ಕೊಚ್ಚಿಹೋಗುವ ಮುನ್ನ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿ.

ಒಂದೇ ತೂಬಿನ ರೈತರೆಲ್ಲ ಒಂದೇ ಅಚ್ಚನ್ನು ಬಳಸುವುದು ಮುಖ್ಯ. ನಡುವೆ ಒಬ್ಬರ ಹೊಲದಲ್ಲಿ ಕಾಲುವೆ ಅಗಲವಾಗಿ ಹೂಳು ತುಂಬಿದ್ದರೆ, ಕೆಳಗಿನವರು ತಮ್ಮ ಭಾಗವನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡರೂ ಬರಿಯ ತೇವ ಮಾತ್ರ ಕಾಣುತ್ತಾರೆ. ಈ ಸಲ ನೀರು ಬಿಡುವ ಮೊದಲು ಅಚ್ಚು ಹಿಡಿದು ತೂಬಿನಿಂದ ಕೊನೆಯ ಹೊಲದವರೆಗೆ ಎಲ್ಲರೂ ಕೂಡಿ ಒಮ್ಮೆ ನಡೆಯಿರಿ.